ಚಾಡಿ ಹೇಳದ ಕೋಶಗಳು

ಮಾರ್ಚ್ 4, ಮಂಗಳವಾರ

ಸಾಸಿವೆ ಮನೆ ಬಿಟ್ಟು ಹೋಗಿ ಇಂದಿಗೆ ಒಂದು ವಾರ. ಮನೆ ಬಿಟ್ಟು ಎಂದರೆ ದೇಶಾಂತರವೇನಲ್ಲ, ಊರಿನ ಆ ತುದಿಯಲ್ಲಿರುವ ಅಜ್ಜಿಯ, ಅಂದರೆ ನನ್ನ ಅತ್ತೆಯ, ಮನೆಗೆ. ಕೇಳಿದವರಿಗೆಲ್ಲ, ಅಲ್ಲಿಂದ ಕಾಲೇಜು ಹತ್ತಿರ ಎಂದು ಹೇಳುತ್ತಿದ್ದೇನೆ. ಎಲ್ಲರೂ ನಂಬುತ್ತಾರೆ. ಹೇಳುತ್ತ ಹೇಳುತ್ತ ನನಗೂ ನಂಬಿಕೆ ಬಂದೀತೆಂದು ಕಾಯುತ್ತಿದ್ದೇನೆ.

ಅವಳಿಗೆ ಬೇರೆ ಹೆಸರಿದೆ. ಸಾಸಿವೆ ಎಂದು ಕರೆದದ್ದು ಅವಳ ಅಪ್ಪ, ಗಾತ್ರ ಚಿಕ್ಕದು, ಕಾವು ತಾಗಿದರೆ ಸಿಡಿಯುತ್ತಾಳೆ ಎಂದು. ಅವರು ತೀರಿಕೊಂಡಾಗ ಅವಳಿಗೆ ಐದು ವರ್ಷ. ಹೆಸರೂ ಉಳಿಯಿತು, ಸಿಡಿಯುವುದೂ ಉಳಿಯಿತು.

ಈ ಸಲ ಯಾಕೆ ಸಿಡಿದಳೆಂದು ಇಲ್ಲೇ ಬರೆದಿಡುತ್ತೇನೆ, ಆಮೇಲೆ ನನಗೆ ಬೇಕಾದ ಹಾಗೆ ತಿರುಚಬಾರದಲ್ಲ. ಅವಳ ತೋಳಿನ ಮೇಲೆ ನಾಣ್ಯದಗಲದ ಒಂದು ಬಿಲ್ಲೆ ಅಂಟಿಸಿದೆ. ರಕ್ತದಲ್ಲಿ ಸಕ್ಕರೆ ಎಷ್ಟಿದೆಯೆಂದು ಅದು ಅವಳ ಫೋನಿಗೆ ಹೇಳುತ್ತದೆ, ಅವಳ ಫೋನು ನನ್ನ ಫೋನಿಗೆ ಹೇಳುತ್ತಿತ್ತು. ಆ ದಿನ ಲ್ಯಾಬಿನಲ್ಲಿ ನೋಡುತ್ತಿದ್ದಂತೆ ಸಂಖ್ಯೆ ಜಾರುತ್ತ ಹೋಯಿತು. ಅವಳಿಗೆ ಫೋನ್ ಮಾಡಿದೆ, ತೆಗೆಯಲಿಲ್ಲ. ಇನ್ನೊಮ್ಮೆ ಮಾಡಿದೆ, ತೆಗೆಯಲಿಲ್ಲ. ಕಾಲೇಜಿನ ಆಫೀಸಿಗೆ ಮಾಡಿದೆ. ಅಲ್ಲಿಯ ಗುಮಾಸ್ತರು ಪಾಠ ನಡೆಯುತ್ತಿದ್ದ ಕೋಣೆಗೇ ನುಗ್ಗಿ, ನಿಮ್ಮಮ್ಮ ಫೋನ್ ಮಾಡಿದ್ದಾರೆ, ಈಗಲೇ ಸಕ್ಕರೆ ತಿನ್ನಬೇಕಂತೆ ಎಂದು ಎಲ್ಲರೆದುರು ಸಾರಿದರಂತೆ. ಅಷ್ಟು ಹೊತ್ತಿಗೆ ಅವಳು ಗ್ಲೂಕೋಸ್ ಮಾತ್ರೆ ಬಾಯಿಗೆ ಹಾಕಿಕೊಂಡು ಆಗಿತ್ತು.

ಸಂಜೆ ಬಂದವಳೇ ಚೀಲ ತುಂಬಿದಳು. ಬಾಗಿಲಲ್ಲಿ ನಿಂತು ಫೋನಿನಲ್ಲಿ ಏನೋ ಒತ್ತಿದಳು. ನನ್ನ ಫೋನಿನಲ್ಲಿ ಅವಳ ಸಕ್ಕರೆಯ ಸಂಖ್ಯೆ ಇದ್ದ ಜಾಗ ಬೂದಿ ಬಣ್ಣಕ್ಕೆ ತಿರುಗಿತು.

"ಪರೀಕ್ಷೆ ಮುಗೀಲಿ. ಆಮೇಲೆ ಯೋಚನೆ ಮಾಡ್ತೀನಿ, ವಾಪಸ್ ಬರೋದೋ ಬೇಡ್ವೋ ಅಂತ" ಎಂದಳು.

ಪರೀಕ್ಷೆ ಮುಗಿಯುವುದು ಏಪ್ರಿಲ್ ನಡುವಿನಲ್ಲಿ. ಅವಳ ಬೀಗದ ಕೈಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ ಹೋಗಿದ್ದಾಳೇನೋ ಎಂದು ನೋಡಿದೆ. ಇಲ್ಲ, ತೆಗೆದುಕೊಂಡು ಹೋಗಿದ್ದಾಳೆ. ಅದೊಂದನ್ನೇ ನೆಚ್ಚಿಕೊಂಡು ದಿನ ನೂಕುತ್ತಿದ್ದೇನೆ.

ಮಾರ್ಚ್ 6, ಗುರುವಾರ

ಲ್ಯಾಬಿನಲ್ಲಿ ಹೊಸ ಬ್ಯಾಚು. ರಕ್ತನಿಧಿಯಿಂದ ಬಂದ ಚೀಲದಲ್ಲಿನ ಬಿಳಿಕಣಗಳನ್ನು ಬೇರ್ಪಡಿಸಿ, ಅವುಗಳಲ್ಲಿ ನಮಗೆ ಬೇಕಾದ ಜಾತಿಯನ್ನು ಮಾತ್ರ ಉಳಿಸಿಕೊಂಡು, ತಟ್ಟೆಯ ಗುಳಿಗಳಲ್ಲಿ ಗುಲಾಬಿ ದ್ರವದ ಜೊತೆ ಬಿಟ್ಟು, ಇನ್‌ಕ್ಯುಬೇಟರಿನ ಕಾವಿನಲ್ಲಿಟ್ಟೆ. ಒಂದು ವಾರದಲ್ಲಿ ಅವು ಮೈತುಂಬ ಕೊಂಬೆ ಚಾಚಿಕೊಂಡು ಡೆಂಡ್ರೈಟಿಕ್ ಕೋಶಗಳಾಗುತ್ತವೆ. ಲ್ಯಾಬಿನಲ್ಲಿ ನಾವೆಲ್ಲ ಚಿಕ್ಕದಾಗಿ ಡಿ.ಸಿ. ಎನ್ನುತ್ತೇವೆ. ನಮ್ಮ ಮನೆಯಲ್ಲಿ ಅವುಗಳ ಹೆಸರು ಚಾಡಿಕೋರರು.

ಆ ಹೆಸರು ಸಾಸಿವೆಯದು. ಸಕ್ಕರೆ ಕಾಯಿಲೆ ಗೊತ್ತಾದಾಗ ಅವಳಿಗೆ ಹನ್ನೊಂದು. ಆಸ್ಪತ್ರೆಯ ಮಂಚದ ಮೇಲೆ ಕುಳಿತು, ನನ್ನ ರಕ್ತಕ್ಕೆ ನನ್ನ ಮೇಲೇ ಯಾಕಮ್ಮ ಸಿಟ್ಟು ಎಂದು ಕೇಳಿದ್ದಳು. ನಾನು ನನಗೆ ತಿಳಿದಂತೆ ಹೇಳಿದ್ದೆ. ಮೈಯೊಳಗೆ ಸಹಾಯಕ ಟಿ ಕೋಶ ಎಂಬುದೊಂದಿದೆ, ಯಾರ ಮೇಲೆ ಯುದ್ಧ, ಯಾರ ಜೊತೆ ರಾಜಿ ಎಂದು ಮಿಕ್ಕವರಿಗೆಲ್ಲ ಅಪ್ಪಣೆ ಕೊಡುವುದು ಅದೇ. ಆದರೆ ತಾನಾಗಿ ಅದಕ್ಕೆ ಏನೂ ಕಾಣುವುದಿಲ್ಲ. ಬೀದಿ ಬೀದಿ ಸುತ್ತುವ ಡೆಂಡ್ರೈಟಿಕ್ ಕೋಶ ಸಿಕ್ಕಿದ್ದರ ಒಂದು ಚೂರನ್ನು ಹಿಡಿದು ತಂದು ತೋರಿಸಬೇಕು. ಟಿ ಕೋಶ ಆ ಚೂರನ್ನು ನೋಡುತ್ತದೆ, ತಂದವರ ಮುಖವನ್ನೂ ನೋಡುತ್ತದೆ. ಗಾಬರಿಬಿದ್ದು ಕೈ ಮೇಲೆತ್ತಿಕೊಂಡು ಬಂದಿದ್ದರೆ ಯುದ್ಧ. ಅದೇ ಚೂರನ್ನು ಕೈ ಇಳಿಸಿಕೊಂಡು ಸಮಾಧಾನವಾಗಿ ತೋರಿಸಿದರೆ, ಓ ನಮ್ಮವರೇ ಎಂದು ಸುಮ್ಮನಾಗುತ್ತದೆ, ಪಕ್ಕದವರನ್ನೂ ಸುಮ್ಮನಿರಿಸುತ್ತದೆ. ಕಿವಿಯಲ್ಲಿ ಏನು ಉಸುರಿದರು ಎನ್ನುವುದರ ಮೇಲೆ ಅದು ಯಾವ ಜಾತಿಯ ಸೈನಿಕನಾಗಬೇಕು ಎನ್ನುವುದೂ ತೀರ್ಮಾನವಾಗುತ್ತದೆ. ನಿನ್ನ ಮೈಯಲ್ಲಿ ಯಾರೋ ನಿನ್ನದೇ ಇನ್ಸುಲಿನ್ ಕೋಶದ ಚೂರು ಹಿಡಿದು, ಕಳ್ಳ ಕಳ್ಳ ಎಂದು ಕೂಗಿಬಿಟ್ಟಿದ್ದಾರೆ ಕಂದ, ಎಂದಿದ್ದೆ.

"ಹಾಗಾದ್ರೆ ತಪ್ಪು ಟಿ ಕೋಶದ್ದಲ್ಲ. ಚಾಡಿ ಹೇಳಿದೋರದ್ದು" ಎಂದಿದ್ದಳು.

ಈ ಚಾಡಿಕೋರರಿಗೆ ವಿಟಮಿನ್ ಡಿ ಉಣಿಸಿ ಸಾಧುಗಳನ್ನಾಗಿ ಮಾಡುವುದೇ ನಮ್ಮ ಲ್ಯಾಬಿನ ಕಸುಬು. ಅವು ಚೂರನ್ನು ತೋರಿಸಬೇಕು, ಚಾಡಿ ಹೇಳಬಾರದು. ಮುಂದೆಂದೋ ಯಾರದೋ ಮಗುವಿಗೆ ಇದು ಉಪಯೋಗಕ್ಕೆ ಬಂದೀತು. ಸಾಸಿವೆಯ ಮೈಯಲ್ಲಿ ಉಳಿಸುವುದಕ್ಕೆ ಇನ್ಸುಲಿನ್ ಕೋಶಗಳು ಈಗ ಹೆಚ್ಚೇನೂ ಉಳಿದಿಲ್ಲ. ಅದು ಗೊತ್ತಿದ್ದೂ ಪ್ರತಿ ತಟ್ಟೆಯನ್ನೂ ಅವಳಿಗಾಗಿಯೇ ಎಂಬಂತೆ ಇಡುತ್ತೇನೆ.

ಮಧ್ಯಾಹ್ನ ಎರಡು ಸಲ ತೆಗೆದು ಮೈಕ್ರೋಸ್ಕೋಪಿನ ಕೆಳಗೆ ನೋಡಿದೆ. ಚೆನ್ನಾಗಿವೆ. ಹೊರಡುವ ಮುಂಚೆ ಇನ್ನೊಮ್ಮೆ ನೋಡಿದೆ.

ಮಾರ್ಚ್ 9, ಭಾನುವಾರ

ಬೆಳಿಗ್ಗೆ ಎದ್ದು ಎರಡು ಲೋಟಕ್ಕೆ ಹಾಲು ಬಿಸಿ ಮಾಡಿದೆ. ಒಂದನ್ನು ಕುಡಿದು, ಇನ್ನೊಂದನ್ನು ನೋಡಿಕೊಂಡು ಕುಳಿತೆ. ಅವಳ ಕೋಣೆಯ ಕುರ್ಚಿಯ ಮೇಲೆ ಒಂದು ಅಂಗಿ ಬಿಟ್ಟುಹೋಗಿದ್ದಾಳೆ. ಒಗೆಯಲು ಎತ್ತಿಕೊಂಡವಳು ಒಗೆಯದೆ ವಾಪಸ್ ಇಟ್ಟೆ. ಅದರಲ್ಲಿನ್ನೂ ಅವಳ ವಾಸನೆ ಇದೆ.

ಅತ್ತೆಗೆ ಫೋನ್ ಮಾಡಿದೆ. ಅವರು ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನಿವೃತ್ತಿಯಾಗಿ ಎಷ್ಟು ಕಾಲವಾದರೂ ಅಳೆದು ತೂಗಿ ಮಾತಾಡುವುದು ಬಿಟ್ಟಿಲ್ಲ. ರಾತ್ರಿ ಎಷ್ಟಿತ್ತು, ಬೆಳಿಗ್ಗೆ ಎಷ್ಟಿತ್ತು, ಸೂಜಿ ತಪ್ಪಿಸಿಲ್ಲ ತಾನೆ ಎಂದು ಕೇಳಿದೆ. ಚೆನ್ನಾಗಿದ್ದಾಳೆ ಎಂದರು. ಸಂಖ್ಯೆ ಎಷ್ಟು ಅತ್ತೆ ಎಂದರೆ, ನಾನು ನೋಡಲ್ಲಮ್ಮ ಎಂದರು. ನನಗೆ ಅಳು ಬಂತು. ಅಮ್ಮ ಕೇಳಿದಳು ಎಂದು ಹೇಳಿ, ಮನೆ ಬಿಕೋ ಅನ್ನುತ್ತಿದೆ ಎಂದು ಹೇಳಿ, ಅವಳು ನೆಟ್ಟ ಗಿಡ ಚಿಗುರಿದೆ ಎಂದು ಹೇಳಿ ಅಂದೆ. ಆಯ್ತು, ಹೇಳ್ತೀನಿ, ಎಂದು ಇಟ್ಟರು. ಏನು ಹೇಳುತ್ತಾರೋ, ಹೇಗೆ ಹೇಳುತ್ತಾರೋ. ಮೊದಲಿಂದಲೂ ನನಗೂ ಅವರಿಗೂ ಅಷ್ಟಕ್ಕಷ್ಟೆ.

ಸಂಜೆ ತಂಗಿ ಬಂದಿದ್ದಳು. ಅತ್ತೆಯ ಕೈಯಲ್ಲಿ ಮಾತು ಕೊಟ್ಟರೆ ಕೆಟ್ಟಿತು ಅಕ್ಕ, ನಾನೇ ಹೋಗಿ ಅವಳಿಗೆ ಬುದ್ಧಿ ಹೇಳ್ತೀನಿ ಎಂದಳು. ಇವಳಾದರೂ ನನ್ನವಳು. ಹೋಗಿ ಬಾ ಎಂದೆ.

ಮಾರ್ಚ್ 11, ಮಂಗಳವಾರ

ತಟ್ಟೆ ನೋಡಿದೆ. ಗುಳಿಗಳ ತಳದಲ್ಲಿ ಕೋಶಗಳು ಗುಂಪು ಗುಂಪಾಗಿ ಸೇರಿಕೊಂಡಿವೆ. ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿದರೆ ಮೋಡದ ಹಾಗೆ ಏಳುತ್ತವೆ. ಊಟಕ್ಕೆ ಮುಂಚೆ ಒಮ್ಮೆ, ಊಟವಾದ ಮೇಲೆ ಒಮ್ಮೆ ನೋಡಿದೆ. ಫೋನಿನಲ್ಲಿ ಆ ಬೂದಿ ಜಾಗವನ್ನೂ ನೋಡುತ್ತಿರುತ್ತೇನೆ. ಅಲ್ಲಿ ಏನೂ ಬರುವುದಿಲ್ಲವೆಂದು ಗೊತ್ತು.

ಮಾರ್ಚ್ 14, ಶುಕ್ರವಾರ

ಈ ಬ್ಯಾಚೂ ಹೋಯಿತು.

ಕೋಶಗಳನ್ನು ಸಾಲಾಗಿ ಹರಿಯಬಿಟ್ಟು ಒಂದೊಂದರ ಮೇಲೂ ಬೆಳಕು ಹೊಡೆದು ಎಣಿಸುವ ಯಂತ್ರವೊಂದು ನಮ್ಮಲ್ಲಿದೆ. ಅದರ ಮುಂದೆಯೇ ಬದುಕು ಸವೆಸುತ್ತಿರುವವನನ್ನು ನಾವು ಲೇಸರಪ್ಪ ಎನ್ನುತ್ತೇವೆ. ಅವನು ಪರದೆಯನ್ನು ನನ್ನ ಕಡೆ ತಿರುಗಿಸಿ, ನೋಡಿ ಮೇಡಂ, ಎಲ್ಲರೂ ಕೈ ಎತ್ತಿಬಿಟ್ಟಿದ್ದಾರೆ ಎಂದ. ವಿಟಮಿನ್ ಉಂಡು ಸಾಧುಗಳಾಗಬೇಕಾಗಿದ್ದವು ಜಗಳಕ್ಕೆ ನಿಂತಿವೆ. ಇದಕ್ಕೂ ಹಿಂದಿನ ಬ್ಯಾಚನ್ನು ಟಿ ಕೋಶಗಳ ಜೊತೆ ಬಿಟ್ಟು ನೋಡಿದ್ದೂ ಆಯಿತು. ಬೆಂಕಿಗೆ ತುಪ್ಪ ಸುರಿದ ಹಾಗೆ ಅವು ಮರಿ ಹಾಕುತ್ತಿವೆ, ಕೆರಳಿದಾಗ ಕಾರುವ ರಸಾಯನಗಳನ್ನೆಲ್ಲ ಕಾರುತ್ತಿವೆ.

ಹೀಗಾಗುತ್ತಿರುವುದು ಇದು ಮೂರನೆಯ ಸಲ. ಪಕ್ಕದ ಮೇಜಿನ ಹುಡುಗಿ ಅದೇ ದ್ರವ, ಅದೇ ವಿಟಮಿನ್, ಅದೇ ರಕ್ತದ ಚೀಲದಿಂದ ಮಾಡಿದ ಕೋಶಗಳು ಬೆಣ್ಣೆಯಂತೆ ಬಂದಿವೆ. ನಮ್ಮ ಮುಖ್ಯಸ್ಥೆ ಬೈಯಲಿಲ್ಲ. ಏನಾದ್ರೂ ಬೇರೆ ಥರ ಮಾಡ್ತಿದ್ದೀರಾ ಎಂದಷ್ಟೇ ಕೇಳಿದರು. ಇಲ್ಲ ಎಂದೆ, ಅದು ನಿಜವೂ ಹೌದು. ಆ ಹುಡುಗಿಗಿಂತ ಹೆಚ್ಚು ಜಾಗ್ರತೆಯಿಂದ ನೋಡಿಕೊಳ್ಳುತ್ತಿದ್ದೇನೆ ಎಂದು ಬೇಕಾದರೆ ಆಣೆ ಮಾಡುತ್ತೇನೆ. ಅವಳು ಒಂದು ಸಲ ಇಟ್ಟರೆ ಆ ಕಡೆ ತಲೆಯನ್ನೂ ಹಾಕುವುದಿಲ್ಲ. ಪುಣ್ಯವಂತರಿಗೆ ನಿದ್ದೆಯಲ್ಲೂ ಫಲ ಸಿಗುತ್ತದೆ.

ಮಾರ್ಚ್ 16, ಭಾನುವಾರ

ತಂಗಿ ಹೋಗಿ ಬಂದಳು. ಕೆಲಸ ಕೆಟ್ಟಿದೆ.

ನಿಮ್ಮಮ್ಮ ಊಟ ಬಿಟ್ಟಿದ್ದಾಳೆ, ನಿನ್ನ ಅಂಗಿ ಹಿಡಿದುಕೊಂಡು ಅಳ್ತಾಳೆ, ಹೆತ್ತ ಕರುಳು ಅಂದ್ರೆ ಏನು ಅಂತ ನಿನಗೆ ಗೊತ್ತಾ ಎಂದೆಲ್ಲ ಹೇಳಿದಳಂತೆ. ಹೇಳುವಾಗ ಇವಳೂ ಅತ್ತಳಂತೆ. ಸಾಸಿವೆ ಎದ್ದು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ನಿನಗೋಸ್ಕರ ಎಷ್ಟು ಹೇಳಿದೆ ಗೊತ್ತಾ ಅಕ್ಕ ಎಂದು ತಂಗಿ ಇನ್ನೂ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ಊಟ ಬಿಟ್ಟಿಲ್ಲ. ಅಂಗಿಯ ವಿಷಯ ಇವಳಿಗೆ ಯಾಕಾದರೂ ಹೇಳಿದೆನೋ.

ರಾತ್ರಿ ಊಟದ ಹೊತ್ತಿಗೆ ಮಗಳಿಂದ ಸಂದೇಶ ಬಂತು, ಇಷ್ಟು ದಿನದಲ್ಲಿ ಮೊದಲನೆಯದು: "ಚಿಕ್ಕಮ್ಮನ್ನ ಮತ್ತೆ ಕಳಿಸಿದ್ರೆ ನಾನು ಹಾಸ್ಟೆಲ್ ಸೇರ್ತೀನಿ."

ಅದನ್ನೇ ಎಷ್ಟೋ ಸಲ ಓದಿದೆ. ಬೈದು ಬರೆದದ್ದಾದರೂ ಅವಳ ಬೆರಳು ಒತ್ತಿದ ಅಕ್ಷರ.

ಮಾರ್ಚ್ 18, ಮಂಗಳವಾರ

ಏನೂ ಬರೆಯಬೇಕು ಎನಿಸುತ್ತಿಲ್ಲ. ಅವಳು ಬೇಕು.

ಮಾರ್ಚ್ 22, ಶನಿವಾರ

ಗುರುವಾರ ಹೊಸ ಬ್ಯಾಚು ಇಟ್ಟಿದ್ದೆ. ಈ ದಿನ ಅದನ್ನು ನೋಡಲು ಹೋಗಬೇಕಿತ್ತು, ಹೋಗಲಿಲ್ಲ. ರಜೆ ಹಾಕಿ ಬಸ್ಸು ಹತ್ತಿ ಅತ್ತೆಯ ಮನೆಯ ಎದುರಿನ ಬಸ್ ಸ್ಟಾಪಿನಲ್ಲಿ ಇಳಿದೆ. ಒಳಗೆ ಹೋಗುವ ಧೈರ್ಯವಿರಲಿಲ್ಲ. ಅಲ್ಲಿಯ ಬೆಂಚಿನ ಮೇಲೆ ಕುಳಿತೆ. ದೂರದಿಂದ ನೋಡಿಕೊಂಡು ಬರೋಣ, ಇಷ್ಟೇ ಇದ್ದದ್ದು ಮನಸ್ಸಿನಲ್ಲಿ. ಮಹಡಿಯ ಕಿಟಕಿಯಲ್ಲಿ ಅವಳ ಟವಲು ಒಣಗುತ್ತಿತ್ತು. ಬಸ್ಸುಗಳು ಬಂದು ನಿಂತು, ನಾನು ಹತ್ತುವುದಿಲ್ಲವೆಂದು ಗೊಣಗಿಕೊಂಡು ಹೋದವು. ಬಿಸಿಲು ನೆತ್ತಿ ಸುಡುತ್ತಿತ್ತು.

ಕೊನೆಗೆ ಬಾಗಿಲು ತೆರೆದು ಹೊರಗೆ ಬಂದದ್ದು ಅತ್ತೆ. ತರಕಾರಿ ಚೀಲ ಹಿಡಿದುಕೊಂಡು ನೆಟ್ಟಗೆ ರಸ್ತೆ ದಾಟಿ, ನನ್ನ ಪಕ್ಕ ಕುಳಿತರು. ಸಾಸಿವೆ ಗೆಳತಿಯ ಮನೆಗೆ ಓದಲು ಹೋಗಿದ್ದಾಳೆ, ಸಂಜೆಯವರೆಗೂ ಬರುವುದಿಲ್ಲ ಎಂದರು. ಇಷ್ಟು ಹೊತ್ತು ನಾನು ಕಾದದ್ದು ಒಂದು ಟವಲನ್ನು.

ಒಳಗೆ ಬಾ ಎಂದರು. ಅವಳನ್ನು ಕೇಳದೆ ಬರುವುದಿಲ್ಲ ಎಂದೆ. ಅತ್ತೆ ಒತ್ತಾಯ ಮಾಡಲಿಲ್ಲ. ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ, ನಿದ್ದೆಯಲ್ಲಿ ಸಕ್ಕರೆ ಇಳಿದರೆ ನೀವು ಏನು ಮಾಡುತ್ತೀರಿ ಎಂದು.

"ಫೋನ್ ಕೂಗುತ್ತೆ. ನಾನು ಎದ್ದು ದೀಪ ಹಾಕ್ತೀನಿ. ಅವಳು ಹಣ್ಣಿನ ರಸ ಕುಡೀತಾಳೆ. ಅಜ್ಜಿ, ದೀಪ ಆರಿಸಿ ಅಂತಾಳೆ. ಆರಿಸ್ತೀನಿ."

"ಅಷ್ಟೇನಾ?"

"ಇನ್ನೇನು ಮಾಡ್ಬೇಕಿತ್ತು?"

ನಾನಾಗಿದ್ದರೆ ಏನೇನು ಮಾಡುತ್ತಿದ್ದೆ ಎಂದು ಮನಸ್ಸಿನಲ್ಲೇ ಎಣಿಸಿದೆ. ದೀಪ, ರಸ, ಬೆರಳು ಚುಚ್ಚಿ ಇನ್ನೊಮ್ಮೆ ಪರೀಕ್ಷೆ, ಹಣೆ ಮುಟ್ಟಿ ನೋಡುವುದು, ಏನು ತಿಂದೆ, ಎಷ್ಟು ತಿಂದೆ, ಸೂಜಿ ಹೆಚ್ಚಾಯಿತೇ, ಆಮೇಲೆ ಬೆಳಗಿನವರೆಗೂ ಮಂಚದ ಪಕ್ಕದಲ್ಲಿ ಕುರ್ಚಿ. ಇದೆಲ್ಲವನ್ನೂ ಅತ್ತೆಗೆ ಹೇಳಲಿಲ್ಲ. ಅವರಿಗೆ ಗೊತ್ತಿರಬೇಕು.

ನಾನು ಹೇಳಿ ಕಳಿಸುವುದನ್ನೆಲ್ಲ ಅವಳಿಗೆ ಮುಟ್ಟಿಸುತ್ತೀರಾ ಎಂದು ಕೇಳಿದೆ. ಕೇಳಿದ ದನಿ ಸ್ವಲ್ಪ ಒರಟಾಗಿಯೇ ಇತ್ತು.

"ಎಲ್ಲಾ ಹೇಳ್ತೀನಿ. ಗಿಡ ಚಿಗುರಿದ್ದು ಹೇಳ್ದೆ, ಮನೆ ಬಿಕೋ ಅನ್ನೋದೂ ಹೇಳ್ದೆ. ನಿನ್ನ ಅಳು ಒಂದನ್ನ ಬಿಟ್ಟು."

ನನಗೆ ರೇಗಿತು. ನನ್ನ ಅಳುವನ್ನು ಬಿಡಲು ಇವರು ಯಾರು? ಅತ್ತೆ ಚೀಲದ ಹಿಡಿಕೆ ಸರಿಮಾಡಿಕೊಳ್ಳುತ್ತ ಮತ್ತೆ ತಮ್ಮ ಎಕ್ಸ್‌ಚೇಂಜ್ ಪುರಾಣ ತೆಗೆದರು. ಅವರಿಗೆ ಎಲ್ಲ ರೋಗಕ್ಕೂ ಅದೇ ಮದ್ದು. ಆ ಕಾಲದಲ್ಲಿ ಇಬ್ಬರಿಗೆ ಲೈನ್ ಕೊಟ್ಟ ಮೇಲೆ ಆಪರೇಟರು ತನಗೆ ಕೇಳಿಸುವ ಕೀಲಿಯನ್ನು ಹಿಂದಕ್ಕೆ ತಳ್ಳಿ ತಾನು ಆಚೆ ಬಂದುಬಿಡಬೇಕಿತ್ತಂತೆ.

"ಕೇಳಿಸ್ಕೊಳ್ತಾ ಕೂತ್ರೆ ಅವರಿಬ್ಬರ ದನಿ ಸಣ್ಣಗಾಗಿಬಿಡೋದು. ಆಮೇಲೆ ಕೇಳಿಸ್ತಿಲ್ಲ, ಕೇಳಿಸ್ತಿಲ್ಲ ಅಂತ ಅವರು ಕೂಗಾಡೋರು. ನಾವೇ ಕಾರಣ ಅಂತ ಅವರಿಗೇನು ಗೊತ್ತು, ಪಾಪ."

ಬಸ್ಸು ಬಂತು, ಹತ್ತಿದೆ. ಕಿಟಕಿಯಿಂದ ನೋಡಿದಾಗ ಅವರು ತರಕಾರಿ ಅಂಗಡಿಯ ಕಡೆ ನಡೆಯುತ್ತಿದ್ದರು. ಬೆನ್ನು ಸ್ವಲ್ಪ ಬಾಗಿದೆ. ಮೊದಲು ನಾನು ಗಮನಿಸಿರಲಿಲ್ಲ.

ಮಾರ್ಚ್ 25, ಮಂಗಳವಾರ

ಜ್ವರ. ಆ ಬಿಸಿಲಿನದೇ ಇರಬೇಕು. ಲ್ಯಾಬಿಗೆ ಹೋಗಿಲ್ಲ. ಪಕ್ಕದ ಮೇಜಿನ ಹುಡುಗಿಗೆ ಫೋನ್ ಮಾಡಿ ನನ್ನ ತಟ್ಟೆ ನೋಡು ಎಂದರೆ, ಆಯ್ತು ಮೇಡಂ ಎಂದಳು. ನೋಡಿರುವುದಿಲ್ಲ. ಅವಳ ತಟ್ಟೆಯನ್ನೇ ನೋಡದವಳು ನನ್ನದನ್ನು ನೋಡುತ್ತಾಳೆಯೇ.

ಮಾರ್ಚ್ 28, ಶುಕ್ರವಾರ

ಅತ್ತ ಯಾರೂ ತಲೆ ಹಾಕದ ಆ ಬ್ಯಾಚು ಸಾಧುವಾಗಿ ಬಂದಿದೆ.

ಲೇಸರಪ್ಪ ಎರಡು ಸಲ ಓಡಿಸಿ ನೋಡಿದ. ಎಲ್ಲ ಕೋಶಗಳೂ ಕೈ ಇಳಿಸಿಕೊಂಡು ಕುಳಿತಿವೆ. ಮೇಡಂ, ನಿಮಗೆ ಆಗಾಗ ಜ್ವರ ಬರ್ತಿರಲಿ ಎಂದ. ಆಮೇಲೆ, ಒಂದು ಮಾತು ಹೇಳ್ಲಾ, ಬೇಜಾರು ಮಾಡ್ಕೋಬಾರದು ಎಂದು ಶುರುಮಾಡಿದ. ನಾನು ದಿನಕ್ಕೆ ಎಷ್ಟು ಸಲ ನನ್ನ ಪಾಲಿನ ಇನ್‌ಕ್ಯುಬೇಟರಿನ ಬಾಗಿಲು ತೆಗೆಯುತ್ತೇನೆಂದು ಇಡೀ ಲ್ಯಾಬಿಗೆ ಗೊತ್ತಂತೆ. ಅದರ ಮೇಲೆ ತಮಾಷೆಯೂ ಇದೆಯಂತೆ, ಅದು ಯಾವುದೆಂದು ಮಾತ್ರ ಹೇಳಲಿಲ್ಲ. ತೆಗೆದಾಗ ಕಾವು ಇಳಿಯುತ್ತದೆ, ತಟ್ಟೆ ತಿರುಗಿಸಿದಾಗ ಗುಂಪುಗಳು ಒಡೆಯುತ್ತವೆ. ಗುಂಪು ಒಡೆದರೆ ಏನೋ ಅಪಾಯ ಬಂತೆಂದು ಈ ಕೋಶಗಳು ಎಚ್ಚರವಾಗಿಬಿಡಬಹುದು. ಇದೊಂದೇ ಕಾರಣ ಅಂತ ನಾನು ಹೇಳಲ್ಲ, ಎಂದ.

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಇಷ್ಟು ವರ್ಷದ ಕೆಲಸ, ನನಗೆ ಗೊತ್ತಿಲ್ಲದ ವಿಷಯವಲ್ಲ ಇದು. ಗುಂಪು ಒಡೆಯಬಾರದೆಂದು ಹೊಸಬರಿಗೆ ನಾನೇ ಪಾಠ ಮಾಡಿದ್ದೇನೆ. ಆದರೆ ನಾನು ಒಡೆಯುತ್ತಿರಲಿಲ್ಲವಲ್ಲ, ಚೆನ್ನಾಗಿವೆಯೇ ಎಂದು ನೋಡುತ್ತಿದ್ದೆ, ಅಷ್ಟೆ.

ಮುಖ್ಯಸ್ಥೆಗೆ ನಾನೇ ಹೋಗಿ ಹೇಳಿದೆ. ಅವರು ನಕ್ಕು, ಮುಂದಿನ ಬ್ಯಾಚು ಇಟ್ಟ ಮೇಲೆ ತೆಗೆಯದ ಹಾಗೆ ಬಾಗಿಲಿಗೆ ಅಂಟುಪಟ್ಟಿ ಅಂಟಿಸಿ ಎಂದರು. ನಗುವ ವಿಷಯವೇನಿದೆಯೋ ಕಾಣೆ. ಕೋಶಗಳಿಂದ ಬಾಳಿಗೆ ನೀತಿ ಹಿಂಡುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗದು, ಹಾಗಾಗಿ ಇಲ್ಲಿಗೆ ನಿಲ್ಲಿಸುತ್ತೇನೆ.

ಮಾರ್ಚ್ 31, ಸೋಮವಾರ

ಹೊಸ ಬ್ಯಾಚು ಇಟ್ಟೆ. ಬಾಗಿಲಿಗೆ ಪಟ್ಟಿ ಅಂಟಿಸಿದೆ. ಮಧ್ಯಾಹ್ನವೆಲ್ಲ ಕೈ ತುರಿಸುತ್ತಿತ್ತು. ಕೈಗೆ ಏನಾದರೂ ಕೆಲಸ ಬೇಕೆಂದು ಶೀಷೆಗಳ ಕಪಾಟನ್ನು ಪೂರ್ತಿ ಇಳಿಸಿ ಒರೆಸಿದೆ.

ಮನೆಗೆ ಬಂದು ಅವಳ ಅಂಗಿ ಒಗೆದು, ಇಸ್ತ್ರಿ ಮಾಡಿ, ಕಪಾಟಿನಲ್ಲಿಟ್ಟೆ. ಇಟ್ಟ ಮೇಲೆ ಬಹಳ ಹೊತ್ತು ಅಳುತ್ತ ಕುಳಿತೆ.

ಏಪ್ರಿಲ್ 3, ಗುರುವಾರ

ಸಾಧು ಬ್ಯಾಚಿನ ಕೊನೆಯ ಪರೀಕ್ಷೆಯ ಫಲಿತಾಂಶ ಬಂತು. ಆ ಕೋಶಗಳು ತೋರಿಸಿದ್ದು ಹಿಂದಿನ ಬ್ಯಾಚಿನವು ತೋರಿಸಿದ ಅದೇ ಚೂರನ್ನೇ. ಟಿ ಕೋಶಗಳು ನೋಡಿದವು, ಹೆಚ್ಚಾಗಿ ಮರಿ ಹಾಕಲಿಲ್ಲ, ಸಿಟ್ಟಿನ ರಸಾಯನ ಕಾರಲಿಲ್ಲ. ಅವುಗಳಲ್ಲಿ ಕೆಲವು ಮಿಕ್ಕವುಗಳನ್ನೂ ಸುಮ್ಮನಿರಿಸುವ ಜಾತಿಯವಾಗಿ ಮಾರ್ಪಟ್ಟವು. ಚೂರು ಬದಲಾಗಲಿಲ್ಲ, ತಂದವರು ಬದಲಾದರು. ಟಿ ಕೋಶವೂ ಮುಖ ನೋಡಿಯೇ ಮಣೆ ಹಾಕುತ್ತದೆ. ಲೇಸರಪ್ಪ ಎಲ್ಲರಿಗೂ ಚಹಾ ಹೇಳಿದ.

ಇದನ್ನು ಕೇಳಿದರೆ ಕುಣಿಯುತ್ತಿದ್ದವಳು ಒಬ್ಬಳೇ. ಸಂಜೆ ಅತ್ತೆಗೆ ಫೋನ್ ಮಾಡಿ, ಚಾಡಿಕೋರರು ಕೊನೆಗೂ ಬಾಯಿ ಮುಚ್ಚಿಕೊಂಡರು ಅಂತ ಅವಳಿಗೆ ಹೇಳಿ ಎಂದೆ. ಅತ್ತೆಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿಸಿಕೊಂಡು ಹಾಗೇ ಒಪ್ಪಿಸಿದರು. ಇನ್ನೇನಾದ್ರೂ ಕೇಳೋದಿದೆಯಾ ಎಂದರು. ಇಲ್ಲ ಅತ್ತೆ ಎಂದೆ. ಆಮೇಲೆ, ನಿನ್ನ ಜ್ವರ ವಾಸಿಯಾಯ್ತಾ ಎಂದು ಕೇಳಿದರು. ಜ್ವರ ಬಂದಿದ್ದು ಇವರಿಗೆ ಯಾರು ಹೇಳಿದರೋ.

ಏಪ್ರಿಲ್ 8, ಮಂಗಳವಾರ

ಪಟ್ಟಿ ಅಂಟಿಸಿದ ಬ್ಯಾಚೂ ಸಾಧು. ಹಾಗಾದರೆ ಅದೇ ಕಾರಣ.

ಅವಳ ಪರೀಕ್ಷೆ ಶುರುವಾಗಿದೆ. ಮೊದಲ ದಿನ ಯಾವ ವಿಷಯ ಎಂಬುದೂ ನನಗೆ ಗೊತ್ತಿಲ್ಲ. ಫೋನ್ ಮಾಡಲಿಲ್ಲ.

ಏಪ್ರಿಲ್ 17, ಗುರುವಾರ

ಸಾಸಿವೆ ಬಂದಿದ್ದಳು. ಮನೆಗಲ್ಲ, ಲ್ಯಾಬಿಗೆ.

ಬೆಳಿಗ್ಗೆ ಕೋಶಗಳಿಗೆ ಹಾಕುವ ದ್ರವ ಸಿದ್ಧ ಮಾಡುತ್ತಿದ್ದೆ. ಲೇಸರಪ್ಪ ಬಾಗಿಲಲ್ಲಿ ನಿಂತು, ಮೇಡಂ, ನಿಮ್ಮ ಕಡೆಯವರಂತೆ, ಬಿಟ್ಕೊಳ್ಲಾ ಎಂದ. ಅವನ ಹಿಂದೆ ಮೂರು ಪಟ್ಟು ದೊಡ್ಡದಾದ ಬಿಳಿ ಕೋಟು ತೊಟ್ಟುಕೊಂಡು ಅವಳು ನಿಂತಿದ್ದಳು, ತೋಳಿನೊಳಗಿಂದ ಕೈಯೇ ಕಾಣುತ್ತಿರಲಿಲ್ಲ. ಕೂದಲು ಕತ್ತರಿಸಿಕೊಂಡಿದ್ದಾಳೆ. ಓಡಿಹೋಗಿ ತಬ್ಬಿಕೊಳ್ಳಬೇಕೆನಿಸಿತು. ಕೈಯಲ್ಲಿ ಪಿಪೆಟ್ ಇತ್ತು, ಗ್ಲೌಸ್ ಇತ್ತು.

ಪರೀಕ್ಷೆ ನಿನ್ನೆ ಮುಗಿಯಿತಂತೆ. ಬಾಯಿ ಮುಚ್ಚಿಕೊಂಡ ಚಾಡಿಕೋರರನ್ನ ನೋಡ್ಬೇಕು ಅಂತ ಬಂದೆ, ತೋರಿಸು ಎಂದಳು. ಇನ್‌ಕ್ಯುಬೇಟರಿನ ಹತ್ತಿರ ಕರೆದುಕೊಂಡು ಹೋದೆ. ಬಾಗಿಲಿಗೆ ಪಟ್ಟಿ ಇದೆ, ಒಳಗೆ ಮಂಗಳವಾರ ಇಟ್ಟ ಬ್ಯಾಚು.

"ಇವತ್ತು ತೆಗೆಯೋ ಹಾಗಿಲ್ಲ ಸಾಸಿವೆ. ಸೋಮವಾರದವರೆಗೂ ಮುಟ್ಟೋ ಹಾಗಿಲ್ಲ" ಎಂದೆ.

"ನೀನು? ನೀನು ತೆಗೆದು ನೋಡಲ್ವಾ?"

"ನೋಡಿದ್ರೆ ಕೆಡುತ್ತೆ."

ಅವಳು ಬಾಗಿಲಿನ ಪಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಪಟ್ಟಿಯನ್ನು ನೋಡಿದಳು. ಅದರಲ್ಲಿ ಅಷ್ಟು ನೋಡುವಂಥದ್ದು ಏನಿತ್ತೋ. ಅಷ್ಟರಲ್ಲಿ ಅವಳ ಫೋನು ಕೂಗಿತು. ಆ ಕೂಗು ನನಗೆ ಗೊತ್ತು, ಇಳಿದಾಗ ಕೂಗುವುದು. ಅವಳು ಜೇಬಿನಿಂದ ಮಾತ್ರೆಯ ಕೊಳವೆ ತೆಗೆದು ಮುಚ್ಚಳ ಬಿಚ್ಚಿದಳು.

"ಇಲ್ಲಿ ತಿನ್ನೋ ಹಾಗಿಲ್ಲ, ಲ್ಯಾಬು. ಹೊರಗೆ ಕಾರಿಡಾರಲ್ಲಿ ತಿನ್ನು" ಎಂದು ಹೇಳಿ, ಅರ್ಧಕ್ಕೆ ಬಿಟ್ಟಿದ್ದ ಬಾಟಲಿಗೆ ಚೀಟಿ ಅಂಟಿಸಲು ಮೇಜಿಗೆ ಹೋದೆ. ಚೀಟಿ ಇಲ್ಲದ ಬಾಟಲಿಯನ್ನು ಯಾರಾದರೂ ಚೆಲ್ಲಿಬಿಡುತ್ತಾರೆ.

ತಿರುಗಿ ನೋಡಿದರೆ ಅವಳು ಅಲ್ಲೇ ನಿಂತಿದ್ದಾಳೆ.

"ಅಷ್ಟೇನಾ?" ಎಂದಳು.

"ಏನು ಅಷ್ಟೇನಾ?"

ಅವಳು ಹೊರಗೆ ಹೋದಳು. ಕೈ ತೊಳೆದು ನಾನೂ ಹೋದೆ. ಕಾರಿಡಾರಿನ ಬೆಂಚಿನ ಮೇಲೆ ಕುಳಿತು ಮಾತ್ರೆ ಅಗಿಯುತ್ತಿದ್ದಳು, ಕಣ್ಣು ಒದ್ದೆಯಾಗಿತ್ತು. ಪಕ್ಕದಲ್ಲಿ ಕುಳಿತೆ.

"ಸಕ್ಕರೆ ಇಳಿದ್ರೆ ನಂಗೆ ಭಯ ಆಗಲ್ಲಮ್ಮ. ಅಭ್ಯಾಸ ಆಗಿದೆ. ನಿನ್ನ ಮುಖ ನೋಡಿದ್ರೆ ಭಯ ಆಗ್ತಿತ್ತು. ಈಗ ಸಾಯ್ತೀನೇನೋ ಅನ್ಸೋದು."

ಏಳು ವರ್ಷ ಅವಳ ಮುಂದೆ ಈ ಮುಖವನ್ನೇ ಹಿಡಿದುಕೊಂಡು ನಿಂತಿದ್ದೆನಲ್ಲ. ಅವಳ ಕೈ ಹಿಡಿದುಕೊಂಡೆ, ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಹೇಳಿದಳು. ಅಜ್ಜಿಯ ಮನೆಯಲ್ಲೇ ಇರುತ್ತಾಳಂತೆ, ಓದು ಮುಗಿಯುವವರೆಗೂ. ಅಜ್ಜಿಗೂ ಮೆಟ್ಟಿಲು ಹತ್ತಲು ಆಗುತ್ತಿಲ್ಲ, ಒಬ್ಬರಿಗೊಬ್ಬರು ಆಗುತ್ತೇವೆ ಎಂದಳು. ಈ ಮಾತಿಗೆ ಹೆದರಿಯೇ ಇಷ್ಟು ದಿನ ಕಳೆದಿದ್ದೆ. ಬೇಡ, ಬಾ ಎಂದು ನಾಲಿಗೆಯ ತುದಿಯವರೆಗೂ ಬಂತು. ಆಯ್ತಮ್ಮ ಎಂದೆ.

ಹೊರಡುವಾಗ ಕೋಟು ಬಿಚ್ಚಿಕೊಡುತ್ತ, ನಂಬರ್ ಮತ್ತೆ ಕಳಿಸ್ಲಾ ಎಂದು ಕೇಳಿದಳು. ಆ ಬೂದಿ ಜಾಗವನ್ನು ಎಷ್ಟು ದಿನದಿಂದ ನೋಡುತ್ತಿದ್ದೇನೆಂದು ಅವಳಿಗೇನು ಗೊತ್ತು.

"ತೀರಾ ಇಳಿದು, ನೀನು ಏಳದೇ ಇದ್ರೆ ಮಾತ್ರ ನನ್ನ ಫೋನ್ ಕೂಗೋ ಹಾಗೆ ಇಡು. ಮಿಕ್ಕಿದ್ದು ಶನಿವಾರ ಬಂದು ನೀನೇ ಹೇಳು" ಎಂದೆ.

ಅವಳು ಫೋನಿನಲ್ಲಿ ಏನೇನೋ ಒತ್ತಿದಳು. ಬಸ್ಸಿನವರೆಗೂ ಹೋಗಿ ಬಿಟ್ಟು ಬಂದೆ.

ಏಪ್ರಿಲ್ 26, ಶನಿವಾರ

ಹೋದ ಶನಿವಾರ ಅವಳು ಬರಲಿಲ್ಲ, ಗೆಳತಿಯರ ಜೊತೆ ಎಲ್ಲೋ ಹೋಗುವುದಿತ್ತಂತೆ. ಎರಡು ಲೋಟದ ಹಾಲನ್ನೂ ನಾನೇ ಕುಡಿದೆ. ಈ ವಾರ ಖಂಡಿತ ಎಂದು ಅತ್ತೆಯ ಕೈಯಲ್ಲಿ ಹೇಳಿಕಳಿಸಿದ್ದಾಳೆ.

ಅತ್ತೆಗೂ ಬನ್ನಿ ಎಂದೆ. ಮೆಟ್ಟಿಲು ಆಗಲ್ಲ, ನೀನೇ ಬಾ ಎಂದರು. ಮುಂದಿನ ಭಾನುವಾರ ಹೋಗುತ್ತೇನೆ.

ಮಂಗಳವಾರ ಮಧ್ಯಾಹ್ನ ಫೋನು ಒಮ್ಮೆ ಕೂಗಿದ ಹಾಗಾಗಿ ಜೀವ ಬಾಯಿಗೆ ಬಂದಿತ್ತು. ನೋಡಿದರೆ ಕೂಗಿದ್ದು ಪಕ್ಕದಲ್ಲಿದ್ದ ಲೇಸರಪ್ಪನ ಫೋನು. ಅದು ಬಿಟ್ಟರೆ ಸದ್ದಿಲ್ಲ. ಮನೆ ಇನ್ನೂ ಬಿಕೋ ಎನ್ನುತ್ತದೆ. ಅವಳ ಕೋಣೆಯ ಬಾಗಿಲನ್ನು ಹಾಯುವಾಗಲೆಲ್ಲ ಕಣ್ಣು ಅತ್ತ ಹೋಗುತ್ತದೆ. ಅದು ಹೋಗಲಿ, ಅದನ್ನು ಯಾರು ತಡೆಯುತ್ತಾರೆ.

ಗಿಡಕ್ಕೆ ನೀರು ಹಾಕಿದೆ. ಇನ್ನೂ ಎರಡು ಎಲೆ ಬಂದಿದೆ, ಅದನ್ನು ತೋರಿಸಬೇಕು. ಹಾಲು ಒಲೆಯ ಮೇಲಿದೆ.

ಇದನ್ನು ಬರೆಯುತ್ತಿರುವಾಗಲೇ ಕೆಳಗೆ ಗೇಟಿನ ಸದ್ದಾಯಿತು. ಈಗ ಮೆಟ್ಟಿಲ ಮೇಲೆ ಹೆಜ್ಜೆ. ಎರಡೆರಡು ಮೆಟ್ಟಿಲು ಹಾರಿ ಬರುವುದು ಅವಳೊಬ್ಬಳೇ. ಬಾಗಿಲು ತೆಗೆಯಲು ಎದ್ದವಳು ಮತ್ತೆ ಕುಳಿತೆ. ಅವಳ ಹತ್ತಿರ ಬೀಗದ ಕೈ ಇದೆ, ತೆಗೆಯಲಿ.